ಗದ್ದೆಯ ಹುಳ ಪಾರಾಯಿತು, ಹೊಳೆಯ ಮೀನು ಪಾರಾದೀತೇ? ವೇಗದ ವಿಕಾಸ ಯಾರ ಕೈ ಹಿಡಿಯುತ್ತದೆ

ಭತ್ತ ತೆನೆ ಕಟ್ಟುವ ಕಾಲಕ್ಕೆ ಮಂಡ್ಯದ ಪಕ್ಕದ ಹೊಳಲಿನ ಕಡೆ ಗದ್ದೆ ಬದುವಿನ ಮೇಲೆ ನಿಂತರೆ ಒಂದು ಮಾತು ಕಿವಿಗೆ ಬೀಳುವುದುಂಟು: "ಈ ಹುಳಕ್ಕೆ ಔಷ್ದಿ ಒಗ್ಗೋಗದೆ ಕಣಣ್ಣ, ಎಷ್ಟು ಹೊಡುದ್ರೂ ಸಾಯಾಕಿಲ್ಲ." ಮಾತು ಕಂದು ಜಿಗಿಹುಳುವಿನದು. ಪೈರಿನ ಬುಡದಲ್ಲಿ ಕೂತು ರಸ ಹೀರಿ, ಹಸಿರು ಗದ್ದೆಯ ನಡುವೆ ಬೆಂಕಿ ಬಿದ್ದ ಹಾಗೆ ಒಣಗಿದ ಮಚ್ಚೆಗಳನ್ನು ಮಾಡುವ ಹುಳು ಇದು.

ಇನ್ನೊಂದು ಮಾತೂ ನಮ್ಮಲ್ಲಿ ಬಹಳ ಚಾಲ್ತಿಯಲ್ಲಿದೆ. ಕಾಡು ಕಡಿದರೂ, ಹೊಳೆ ಕೆಟ್ಟರೂ, ಬಿಸಿಲು ಏರಿದರೂ "ಪ್ರಕೃತಿ ಎಲ್ಲಕ್ಕೂ ಹೊಂದಿಕೊಳ್ಳುತ್ತೆ ಬಿಡಿ" ಎನ್ನುವ ಮಾತು. ಹುಳು ಔಷಧಿಗೆ ಹೊಂದಿಕೊಂಡಿತಲ್ಲ, ಹಾಗೆಯೇ ಮಿಕ್ಕ ಪ್ರಾಣಿಗಳೂ ಹೊಂದಿಕೊಳ್ಳುತ್ತವೆ ಎಂಬ ನಂಬಿಕೆ ಇದರ ಹಿಂದಿದೆ.

ಈ ನಂಬಿಕೆಯಲ್ಲಿ ಅರ್ಧ ನಿಜವಿದೆ. ಜೀವಿಗಳು ನಮ್ಮ ಕಣ್ಣೆದುರೇ, ಕೆಲವೇ ವರ್ಷಗಳಲ್ಲಿ ವಿಕಾಸ ಹೊಂದಬಲ್ಲವು. ಅಳಿವಿನ ದಾರಿ ಹಿಡಿದ ಕೆಲವು ಜೀವಿಗಳು ಹಾಗೆ ಬದುಕಿಯೂ ಇವೆ. ಉಳಿದರ್ಧ ಮಾತ್ರ ಅಪಾಯಕಾರಿ ತಪ್ಪು. ಅದು ಹೇಗೆ ಎಂಬುದನ್ನು ತಿಳಿಯಲು ನಾವು ಮಂಡ್ಯ ಜಿಲ್ಲೆಯ ಎರಡು ಜೀವಿಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. ಒಂದು, ಗದ್ದೆಯ ಜಿಗಿಹುಳು. ಇನ್ನೊಂದು, ಮಳವಳ್ಳಿ ತಾಲ್ಲೂಕಿನ ಮುತ್ತತ್ತಿ, ಭೀಮೇಶ್ವರಿ ಕಡೆ ಕಾವೇರಿಯ ಮಡುಗಳಲ್ಲಿ ಬದುಕುವ ದೊಡ್ಡ ಮೀನು, ಡುಬ್ಬದ ಮಹಸೀರ್. ಕೃಷ್ಣರಾಜಸಾಗರದಿಂದ ವಿಶ್ವೇಶ್ವರಯ್ಯ ನಾಲೆಗೆ ಹರಿದ ನೀರು ಮಂಡ್ಯದ ಗದ್ದೆಗಳನ್ನು ಸೇರುತ್ತದೆ. ಹೊಳೆಯಲ್ಲೇ ಉಳಿದ ನೀರು ಶಿವನಸಮುದ್ರದಲ್ಲಿ ಧುಮುಕಿ ಈ ಮಡುಗಳಿಗೆ ಹೋಗುತ್ತದೆ. ಹೊಳೆ ಒಂದೇ, ಆದರೆ ಎರಡು ಜೀವಿಗಳ ಹಣೆಬರಹ ಬೇರೆ ಬೇರೆ.

ಮೊದಲಿಗೆ: ಹುಳಕ್ಕೆ ನಿಜವಾಗಿ ಔಷಧಿ "ಒಗ್ಗುತ್ತದೆ"ಯೇ?

ಇಲ್ಲ. ಖಾರ ತಿಂದು ತಿಂದು ನಮ್ಮ ನಾಲಿಗೆಗೆ ಖಾರ ಒಗ್ಗುವುದು ಒಬ್ಬ ಮನುಷ್ಯನ ಜೀವಿತದಲ್ಲೇ ಆಗುವ ಬದಲಾವಣೆ. ಗದ್ದೆಯಲ್ಲಿ ನಡೆಯುವುದು ಬೇರೆ.

ಒಂದು ಗದ್ದೆಯಲ್ಲಿ ಲಕ್ಷಗಟ್ಟಲೆ ಹುಳುಗಳಿರುತ್ತವೆ. ಅವೆಲ್ಲ ನೋಡಲು ಒಂದೇ ತರಹ ಇದ್ದರೂ ಒಳಗಿನ ವಂಶವಾಹಿಗಳಲ್ಲಿ, ಅಂದರೆ ಜೀನ್‌ಗಳಲ್ಲಿ, ಸಣ್ಣಪುಟ್ಟ ವ್ಯತ್ಯಾಸಗಳಿರುತ್ತವೆ. ಔಷಧಿಯ ಮುಖ ನೋಡುವ ಮೊದಲೇ ಕೆಲವು ಹುಳುಗಳ ಮೈಯಲ್ಲಿ ಆ ವಿಷವನ್ನು ಬೇಗ ಒಡೆದುಹಾಕುವ ಶಕ್ತಿ ಇರುತ್ತದೆ. ಔಷಧಿ ಹೊಡೆದಾಗ ಉಳಿದವು ಸಾಯುತ್ತವೆ, ಇವು ಉಳಿಯುತ್ತವೆ. ಮುಂದಿನ ಮರಿಗಳೆಲ್ಲ ಇವುಗಳವೇ. ಜಿಗಿಹುಳುವಿನ ಒಂದು ತಲೆಮಾರು ಮುಗಿಯಲು ತಿಂಗಳು ಸಾಕು, ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ಹೀಗಾಗಿ ಒಂದೇ ಬೆಳೆಯ ಅವಧಿಯಲ್ಲಿ ಮೂರು ನಾಲ್ಕು ತಲೆಮಾರು ಕಳೆದು, ನಿರೋಧಕ ಶಕ್ತಿಯುಳ್ಳ ಹುಳುಗಳದ್ದೇ ಸಂಖ್ಯೆ ಹೆಚ್ಚುತ್ತದೆ. ಯಾವ ಒಂದು ಹುಳುವೂ ಬದಲಾಗಲಿಲ್ಲ, ಗುಂಪು ಬದಲಾಯಿತು. ಇದೇ ನೈಸರ್ಗಿಕ ಆಯ್ಕೆ.

ಇದಕ್ಕೆ ದಾಖಲೆಯಲ್ಲಿರುವ ಉದಾಹರಣೆ ಐಆರ್ 26 ಭತ್ತ. ಫಿಲಿಪ್ಪೀನ್ಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ 1973ರಲ್ಲಿ ಈ ತಳಿಯನ್ನು ಬಿಡುಗಡೆ ಮಾಡಿತು. ಕಂದು ಜಿಗಿಹುಳುವನ್ನು ತಡೆಯುವ ಒಂದು ಜೀನ್ ಅದರಲ್ಲಿತ್ತು. ಎರಡು ಮೂರು ವರ್ಷದೊಳಗೆ ಆ ಜೀನ್‌ಗೂ ಜಗ್ಗದ ಹುಳುಗಳು ಆಗ್ನೇಯ ಏಷ್ಯಾದ ಗದ್ದೆಗಳಲ್ಲಿ ತುಂಬಿಕೊಂಡವು. ರೈತರ ಕಡೆಯಿಂದ ನೋಡಿದರೆ ಇದು ಸೋಲು. ಹುಳುವಿನ ಕಡೆಯಿಂದ ನೋಡಿದರೆ ಅದು ಅಳಿವಿನಿಂದ ಪಾರಾದ ಕಥೆ.

ಬೀಳುತ್ತಾ ಇರುವ ಗುಂಪು ಏಳುವುದು ಹೇಗೆ?

ವಿಜ್ಞಾನಿಗಳು ಇದಕ್ಕೆ "ಇವಲ್ಯೂಷನರಿ ರೆಸ್ಕ್ಯೂ" ಎನ್ನುತ್ತಾರೆ. ನಾವು ವಿಕಾಸದ ಆಸರೆ ಎಂದು ಕರೆಯೋಣ. ಪರಿಸರ ಇದ್ದಕ್ಕಿದ್ದಂತೆ ಕೆಟ್ಟು ಒಂದು ಗುಂಪಿನ ಸಂಖ್ಯೆ ಕುಸಿಯತೊಡಗುತ್ತದೆ. ಅದೇ ಹೊತ್ತಿಗೆ ಹೊಸ ಪರಿಸ್ಥಿತಿಯನ್ನು ತಾಳಬಲ್ಲ ಕೆಲವರ ಸಂತಾನ ನಿಧಾನವಾಗಿ ಹೆಚ್ಚುತ್ತಿರುತ್ತದೆ. ಅವು ಸಾಕಷ್ಟು ಹೆಚ್ಚಿದಾಗ ಕುಸಿತ ನಿಂತು ಸಂಖ್ಯೆ ಮತ್ತೆ ಏರುತ್ತದೆ. ಇದನ್ನು ಕಾಗದದ ಮೇಲೆ ಗೆರೆಯಾಗಿ ಎಳೆದರೆ ಬಾವಿಯೊಂದಕ್ಕೆ ಇಳಿದು ಆಚೆ ಕಡೆ ಹತ್ತಿ ಬಂದ ಹಾಗೆ ಕಾಣುತ್ತದೆ.

1995ರಲ್ಲಿ ರಿಚರ್ಡ್ ಗೊಮುಲ್ಕಿವಿಚ್ ಮತ್ತು ರಾಬರ್ಟ್ ಹೋಲ್ಟ್ ಎಂಬ ಇಬ್ಬರು ವಿಜ್ಞಾನಿಗಳು ಈ ಬಾವಿಯ ಲೆಕ್ಕವನ್ನು ಗಣಿತದಲ್ಲಿ ಬರೆದು ತೋರಿಸಿದರು. ಅವರ ಪ್ರಶ್ನೆ ಸರಳ: ಹತ್ತಿ ಬರುವ ಮೊದಲೇ ತಳ ಮುಟ್ಟಿದರೆ? ಸಂಖ್ಯೆ ತೀರಾ ಕಡಿಮೆಯಾದಾಗ ಒಂದು ಬರ, ಒಂದು ರೋಗ, ಒಂದು ವರ್ಷ ಗಂಡು ಹೆಣ್ಣಿನ ಸಂಖ್ಯೆಯಲ್ಲಿ ಏರುಪೇರು ಸಾಕು, ಎಲ್ಲ ಮುಗಿದುಹೋಗುತ್ತದೆ. ಹಾಗಾಗಿ ಇದು ಎರಡು ವೇಗಗಳ ಓಟ. ಒಂದು ಕಡೆ ಸಾವಿನ ವೇಗ, ಇನ್ನೊಂದು ಕಡೆ ವಿಕಾಸದ ವೇಗ.

2009ರಲ್ಲಿ ಕೆನಡಾದ ಗ್ರಹಾಂ ಬೆಲ್ ಮತ್ತು ಆಂಡ್ರ್ಯೂ ಗೊನ್ಸಾಲೆಸ್ ಇದನ್ನು ಯೀಸ್ಟ್ ಮೇಲೆ ಪ್ರಯೋಗ ಮಾಡಿ ನೋಡಿದರು. ಯೀಸ್ಟ್ ಬೆಳೆಯುವ ದ್ರವಕ್ಕೆ ಸಾಮಾನ್ಯವಾಗಿ ಅದು ತಾಳಲಾರದಷ್ಟು ಉಪ್ಪು ಹಾಕಿದರು. ಸಣ್ಣ ಗುಂಪುಗಳು ಸತ್ತುಹೋದವು. ದೊಡ್ಡ ಗುಂಪುಗಳು ಮೊದಲು ಕುಸಿದು, ಆಮೇಲೆ ಚೇತರಿಸಿಕೊಂಡವು.

ಸಂಖ್ಯೆ ಏಕೆ ಇಷ್ಟು ಮುಖ್ಯ?

ಒಂದು ಊಹೆಯ ಲೆಕ್ಕ ಮಾಡೋಣ. ಯಾವುದೋ ಜೀವಿಯಲ್ಲಿ ಸಾವಿರಕ್ಕೆ ಒಂದರಲ್ಲಿ ಮಾತ್ರ ಬಿಸಿ ನೀರನ್ನು ತಾಳುವ ಗುಣ ಇದೆ ಎಂದಿಟ್ಟುಕೊಳ್ಳಿ.

• ಗುಂಪಿನಲ್ಲಿ 1,00,000 ಇದ್ದರೆ ಅಂಥವು ಸುಮಾರು 100 ಇರುತ್ತವೆ. ಮುಂದಿನ ಸಂತಾನಕ್ಕೆ ಬೀಜ ಇದ್ದೇ ಇದೆ.
• 5,000 ಇದ್ದರೂ ಒಂದಾದರೂ ಇರುವ ಸಾಧ್ಯತೆ ಶೇಕಡ 99ರಷ್ಟು.
• 500 ಇದ್ದರೆ ಆ ಸಾಧ್ಯತೆ ಸುಮಾರು ಶೇಕಡ 39ಕ್ಕೆ ಇಳಿಯುತ್ತದೆ.
• 100 ಮಾತ್ರ ಇದ್ದರೆ ಶೇಕಡ 10ಕ್ಕಿಂತ ಕಡಿಮೆ.

ಗಮನಿಸಿ, ಜೀವಿಯ ಗುಣ ಬದಲಾಗಿಲ್ಲ, ಪರಿಸರವೂ ಬದಲಾಗಿಲ್ಲ. ಬದಲಾಗಿದ್ದು ತಲೆಗಳ ಎಣಿಕೆ ಒಂದೇ. ಸಂಖ್ಯೆ ಕುಸಿದಾಗ ನಾವು ಕಳೆದುಕೊಳ್ಳುವುದು ಪ್ರಾಣಿಗಳನ್ನು ಮಾತ್ರ ಅಂದುಕೊಳ್ಳುತ್ತೇವೆ. ಮುಂದೆ ಬದಲಾಗುವ ಸಾಧ್ಯತೆಯನ್ನೂ ಅವುಗಳ ಜೊತೆ ಕಳೆದುಕೊಂಡಿರುತ್ತೇವೆ.

ಇದಕ್ಕೆ ಇನ್ನೆರಡು ಷರತ್ತು ಸೇರಿಸಬೇಕು. ತಲೆಮಾರು ಬೇಗ ಬೇಗ ಕಳೆಯಬೇಕು. ಬದಲಾವಣೆ ತೀರಾ ಹಠಾತ್ತಾಗಿ, ತೀರಾ ದೊಡ್ಡದಾಗಿ ಬರಬಾರದು. ಜಿಗಿಹುಳುವಿಗೆ ಸಂಖ್ಯೆಯೂ ಇದೆ, ತಲೆಮಾರಿನ ವೇಗವೂ ಇದೆ. ಅದಕ್ಕೇ ಅದು ಪ್ರತಿ ಸಲ ಪಾರಾಗುತ್ತದೆ.

ಹುಳು ಹುಪ್ಪಟೆಗೆ ಮಾತ್ರವೇ? ಮೀನಿಗೆ ಆಗದೇ?

ಆಗುತ್ತದೆ. ಅಮೆರಿಕದ ಪೂರ್ವ ಕರಾವಳಿಯ ಅಳಿವೆಗಳಲ್ಲಿ ಕಿಲ್ಲಿಫಿಶ್ ಎಂಬ ಬೆರಳುದ್ದದ ಮೀನು ಇದೆ. ಕಾರ್ಖಾನೆಗಳ ಘೋರ ವಿಷ ತುಂಬಿದ ನೀರಿನಲ್ಲೂ ಅದು ಬದುಕಿತ್ತು. 2016ರಲ್ಲಿ ಪ್ರಕಟವಾದ ಜೀನ್ ಅಧ್ಯಯನದ ಪ್ರಕಾರ, ಅಲ್ಲಿನ ಕೆಲವು ಗುಂಪುಗಳು ಶುದ್ಧ ನೀರಿನ ತಮ್ಮದೇ ಜಾತಿಯ ಮೀನುಗಳಿಗಿಂತ 8,000 ಪಟ್ಟು ಹೆಚ್ಚು ವಿಷ ತಾಳಬಲ್ಲವು. ಕೆಲವೇ ದಶಕಗಳಲ್ಲಿ ಆದ ವಿಕಾಸ ಅದು. ಆದರೆ ಆ ಮೀನು ಲೆಕ್ಕವಿಲ್ಲದಷ್ಟು ಇದೆ, ಬೇಗ ಪ್ರಾಯಕ್ಕೆ ಬರುತ್ತದೆ, ಅದರ ಜೀನ್ ವೈವಿಧ್ಯ ಬೆನ್ನುಮೂಳೆಯಿರುವ ಪ್ರಾಣಿಗಳಲ್ಲೇ ಬಹಳ ಹೆಚ್ಚು. ಎಲ್ಲ ಮೀನುಗಳೂ ಹೀಗೆ ಮಾಡಲಾರವು ಎಂದು ಅಧ್ಯಯನ ಮಾಡಿದವರೇ ಎಚ್ಚರಿಸಿದ್ದಾರೆ.

ಪಾರಾಗುವುದಕ್ಕೆ ಬೆಲೆಯೂ ಇರುತ್ತದೆ. ಹವಾಯಿಯ ಕವಾಯಿ ದ್ವೀಪದ ರಾತ್ರಿ ಕಿರ್ ಎನ್ನುವ ಗಂಡು ಜೀರುಂಡೆಗಳ ಕಥೆ ಕೇಳಿ. ಅವುಗಳ ಹಾಡನ್ನು ಕೇಳಿ ಹುಡುಕಿ ಬರುವ ಒಂದು ನೊಣ ಅವುಗಳ ಮೈಮೇಲೆ ಮರಿ ಬಿಡುತ್ತದೆ, ಮರಿಗಳು ಜೀರುಂಡೆಯನ್ನು ಒಳಗಿನಿಂದ ತಿಂದುಹಾಕುತ್ತವೆ. ರೆಕ್ಕೆಯ ರಚನೆ ಬದಲಾಗಿ ಹಾಡಲು ಬಾರದ ಗಂಡುಗಳು ಅಲ್ಲಿ ಹುಟ್ಟಿದವು. ಸುಮಾರು 20 ತಲೆಮಾರಿನೊಳಗೆ ಬಹುಪಾಲು ಗಂಡುಗಳು ಮೂಕವಾದವು. ನೊಣದಿಂದ ಬಚಾವ್, ಆದರೆ ಹೆಣ್ಣನ್ನು ಕರೆಯಲು ಈಗ ಹಾಡಿಲ್ಲ. ಹಾಡುವ ಕೆಲವೇ ಗಂಡುಗಳ ಹತ್ತಿರ ಕಾದು ಕೂತು, ಬಂದ ಹೆಣ್ಣುಗಳನ್ನು ಸೇರಬೇಕು.

ಈಗ ಕಾವೇರಿಯ ಮಡುಗಳಿಗೆ ಬರೋಣ

ಡುಬ್ಬದ ಮಹಸೀರ್ ಕಾವೇರಿ ಕಣಿವೆ ಬಿಟ್ಟು ಜಗತ್ತಿನ ಬೇರೆಲ್ಲೂ ಇಲ್ಲ. ಮಹಸೀರ್‌ಗಳಲ್ಲಿ ಅತಿ ದೊಡ್ಡದಾಗಿ ಬೆಳೆಯುವುದು ಇದೇ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಗಾಳಕ್ಕೆ ಹಿಡಿದ ಮೀನು 120 ಪೌಂಡ್, ಅಂದರೆ 54 ಕಿಲೋಗ್ರಾಂಗೂ ಹೆಚ್ಚು ತೂಗಿತ್ತು. ಇಷ್ಟು ಪ್ರಸಿದ್ಧ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರೇ ಬಹಳ ಕಾಲ ಇರಲಿಲ್ಲ. ಕೇರಳದ ಪಾಂಬಾರ್ ಹೊಳೆಯಲ್ಲಿ ಸಿಕ್ಕು 2007ರಲ್ಲಿ ಟಾರ್ ರೇಮಾದೇವಿ ಎಂದು ಹೆಸರು ಪಡೆದಿದ್ದ ಮೀನೂ ಕಾವೇರಿಯ ಡುಬ್ಬದ ಮಹಸೀರ್ ಕೂಡ ಒಂದೇ ಎಂದು 2018ರಲ್ಲಿ ಖಚಿತವಾಯಿತು. ಅದೇ ವರ್ಷ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಅದನ್ನು ತೀವ್ರ ಅಳಿವಿನಂಚಿನಲ್ಲಿರುವ ಜಾತಿ ಎಂದು ಸೇರಿಸಲಾಯಿತು. ಹೆಸರು ಸಿಕ್ಕಿದ್ದು ಹೆಚ್ಚುಕಡಿಮೆ ಕೊನೆ ಗಳಿಗೆಯಲ್ಲಿ.

ಇದು ಕುಸಿದದ್ದು ಗೊತ್ತಾದದ್ದು ಹೇಗೆ? ಭೀಮೇಶ್ವರಿಯಿಂದ ಕೆಳಗೆ ಗಾಳಿಬೋರೆಯಲ್ಲಿ ಗಾಳ ಹಾಕುವ ಶಿಬಿರವಿತ್ತು. ಅಲ್ಲಿ ಹಿಡಿದ ಮೀನನ್ನು ತೂಕ ಮಾಡಿ, ಬರೆದಿಟ್ಟು, ಮತ್ತೆ ಹೊಳೆಗೆ ಬಿಡುತ್ತಿದ್ದರು. 1998ರಿಂದ 2012ರವರೆಗಿನ ಆ ಪುಸ್ತಕಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಮೀನುಗಳ ಲೆಕ್ಕ ಇತ್ತು. ಸಂಶೋಧಕರು ಅದನ್ನು ಕೂಡಿಸಿ ನೋಡಿದಾಗ ವಿಚಿತ್ರ ಸಂಗತಿ ಕಂಡಿತು. ಒಟ್ಟು ಮಹಸೀರ್ ಸಿಗುವುದು ಹೆಚ್ಚಾಗಿತ್ತು, ಆದರೆ ಡುಬ್ಬದ ಮಹಸೀರ್ ಸಿಗುವುದು ಕುಸಿದಿತ್ತು. ಹೆಚ್ಚಾದದ್ದು ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಸೀರ್. ಹೊಳೆಯ ತುಂಬ ಮೀನಿದೆ ಎಂದು ಎಲ್ಲರೂ ನೆಮ್ಮದಿಯಿಂದ ಇದ್ದಾಗಲೇ ಊರಿನ ಮೀನು ಮಾಯವಾಗುತ್ತಿತ್ತು.

ಈಗ ನಮ್ಮ ಷರತ್ತುಗಳನ್ನು ಈ ಮೀನಿಗೆ ಹಚ್ಚಿ ನೋಡಿ.

ಸಂಖ್ಯೆ: ತೀರಾ ಕಡಿಮೆ, ಅದೂ ಹೊಳೆಯ ಕೆಲವೇ ತುಂಡುಗಳಲ್ಲಿ ಚದುರಿದೆ. ಅಣೆಕಟ್ಟು, ಒಡ್ಡುಗಳಿಂದಾಗಿ ಒಂದು ತುಂಡಿನ ಮೀನು ಇನ್ನೊಂದು ತುಂಡಿಗೆ ಹೋಗಿ ಕೂಡುವುದು ಕಷ್ಟ.

ತಲೆಮಾರು: ದೊಡ್ಡ ಮೈಯ ಮೀನು ಪ್ರಾಯಕ್ಕೆ ಬರಲು ವರ್ಷಗಳು ಬೇಕು. ಜಿಗಿಹುಳು ಹತ್ತಾರು ತಲೆಮಾರು ಕಳೆಯುವ ಹೊತ್ತಿಗೆ ಇದರದು ಒಂದೂ ಮುಗಿದಿರುವುದಿಲ್ಲ.

ಬದಲಾವಣೆಯ ವೇಗ: ಅಣೆಕಟ್ಟಿನ ಬಾಗಿಲು ತೆರೆದಾಗ ಏರುವ, ಮುಚ್ಚಿದಾಗ ಇಳಿಯುವ ನೀರು. ಮರಳು ತೆಗೆದು ಹಾಳಾದ ತಳ. ಮಡುವಿಗೆ ಎಸೆಯುವ ಸಿಡಿಮದ್ದು. ಮೇಲಿನ ಊರುಗಳ ಕೊಳಚೆ. ಇವೆಲ್ಲ ಒಂದೇ ಮೀನಿನ ಆಯುಷ್ಯದೊಳಗೆ ಬಂದಿವೆ. ಸಿಡಿಮದ್ದಿಗೆ ನಿರೋಧಕ ಶಕ್ತಿ ಕೊಡುವ ಜೀನ್ ಯಾವ ಮೀನಿನಲ್ಲೂ ಇರಲಾರದು.

ಅಂದರೆ ವಿಕಾಸದ ಆಸರೆ ಹೆಚ್ಚಾಗಿ ಸಿಗುವುದು ಅದರ ಅಗತ್ಯ ಕಡಿಮೆ ಇರುವವರಿಗೆ. ಹುಳು, ಸೊಳ್ಳೆ, ಕಳೆ, ರೋಗಾಣು ಇವೆಲ್ಲ ನಾವು ಬೇಡ ಎಂದರೂ ಉಳಿಯುತ್ತವೆ. ಮಹಸೀರ್‌ನಂತಹ ದೊಡ್ಡ, ನಿಧಾನದ, ಅಪರೂಪದ ಜೀವಿಗಳು ನಾವು ಬೇಕು ಎಂದರೂ ತಾವಾಗಿ ಉಳಿಯಲಾರವು. "ಪ್ರಕೃತಿ ಹೊಂದಿಕೊಳ್ಳುತ್ತೆ" ಎಂದು ಕೈಕಟ್ಟಿ ಕೂತರೆ ಕೊನೆಗೆ ನಮ್ಮ ಪಾಲಿಗೆ ಉಳಿಯುವ ಪ್ರಕೃತಿ ಜಿಗಿಹುಳುವಿನದೇ ಆದೀತು.

ಮೀನು ಕಡಿಮೆಯಾದರೆ ತಂದು ಬಿಟ್ಟರಾಯಿತಲ್ಲ?

ಹೊರಗಿನಿಂದ ಹೊಸ ರಕ್ತ ತರುವುದು ಕೆಲವೊಮ್ಮೆ ಫಲ ಕೊಟ್ಟಿದೆ. ಅಮೆರಿಕದ ಫ್ಲಾರಿಡಾದಲ್ಲಿ ಪ್ಯಾಂಥರ್ ಎಂದು ಕರೆಯುವ ಪ್ಯೂಮಾ ಬೆಕ್ಕುಗಳು 1990ರ ದಶಕದ ಮೊದಲಲ್ಲಿ 20ರಿಂದ 30ಕ್ಕೆ ಇಳಿದಿದ್ದವು. ತಮ್ಮತಮ್ಮಲ್ಲೇ ಕೂಡಿ ಹುಟ್ಟಿದ ಮರಿಗಳಲ್ಲಿ ಬಾಲ ಸೊಟ್ಟ, ಹೃದಯದಲ್ಲಿ ದೋಷ. 1995ರಲ್ಲಿ ಟೆಕ್ಸಾಸ್‌ನಿಂದ ಎಂಟು ಹೆಣ್ಣುಗಳನ್ನು ತಂದು ಬಿಟ್ಟರು. ಮರಿಗಳ ಆರೋಗ್ಯ ಸುಧಾರಿಸಿತು, ಸಂಖ್ಯೆ ನೂರು ದಾಟಿತು.

ಆದರೆ ಅಲ್ಲಿ ತಂದದ್ದು ಅದೇ ಜಾತಿಯ ಪ್ರಾಣಿಯನ್ನು. ಕಾವೇರಿಗೆ ಬಂದದ್ದು ಬೇರೆ ಜಾತಿ. ನೀಲಿ ರೆಕ್ಕೆಯ ಮಹಸೀರ್ ಮರಿಗಳನ್ನು ಮಹಾರಾಷ್ಟ್ರದ ಲೋನಾವಳಾದಲ್ಲಿ ಕೃತಕವಾಗಿ ಬೆಳೆಸುವುದನ್ನು ಕಲಿತ ಮೇಲೆ ಅವುಗಳನ್ನು ಅನೇಕ ಹೊಳೆಗಳಿಗೆ ಬಿಡಲಾಯಿತು. ಉದ್ದೇಶ ಒಳ್ಳೆಯದೇ, ಮಹಸೀರ್ ಉಳಿಯಲಿ ಎಂದೇ. ಆದರೆ ಎಲ್ಲ ಮಹಸೀರ್ ಒಂದೇ ಎಂದುಕೊಂಡದ್ದು ತಪ್ಪಾಯಿತು. ಮೊದಲೇ ಕಷ್ಟದಲ್ಲಿದ್ದ ಮೀನಿಗೆ ತಿನ್ನುವ ಜಾಗದಲ್ಲಿ, ಮರಿ ಹಾಕುವ ಜಾಗದಲ್ಲಿ ಪೈಪೋಟಿ ಬಂತು.

ಭತ್ತದ ಬೀಜದಲ್ಲಿರುವ ಪಾಠ

ಈ ವಿಷಯವನ್ನು ನಮ್ಮ ರೈತರಿಗೆ ಹೊಸದಾಗಿ ಹೇಳಿಕೊಡಬೇಕಿಲ್ಲ. ಅದೇ ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ರೈತ ಸೈಯದ್ ಗನಿ ಖಾನ್ ನೂರಾರು ದೇಸಿ ಭತ್ತದ ತಳಿಗಳನ್ನು ಬೆಳೆದು ಉಳಿಸಿಕೊಂಡು ಬಂದಿದ್ದಾರೆ. ಉತ್ತರ ಕನ್ನಡದ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಉಪ್ಪು ನೀರಿನಲ್ಲೂ ಬೆಳೆಯುತ್ತದೆ. ಕಗ್ಗದ ಇಳುವರಿ ಹೆಚ್ಚಲ್ಲ, ಮಾರುಕಟ್ಟೆಯಲ್ಲಿ ಬೇಡಿಕೆಯೂ ಅಷ್ಟಕ್ಕಷ್ಟೆ. ಆದರೆ ಸಮುದ್ರದ ಉಪ್ಪು ಇನ್ನಷ್ಟು ಒಳಗೆ ಬಂದ ದಿನ ನಮಗೆ ಬೇಕಾಗುವುದು ಅದರಲ್ಲಿರುವ ಗುಣವೇ.

ಬೀಜ ಉಳಿಸುವವರು ಇವತ್ತಿನ ಲಾಭ ನೋಡಿ ಉಳಿಸುವುದಿಲ್ಲ. ಯಾವ ಕಾಲಕ್ಕೆ ಯಾವುದು ಬೇಕಾದೀತೋ ಎಂದು ಉಳಿಸುತ್ತಾರೆ. ಕಾಡು ಜೀವಿಗಳ ವೈವಿಧ್ಯವೂ ಹಾಗೆಯೇ. ಮೀನಿನ ಬೀಜವನ್ನು ಮಾತ್ರ ಮಡಕೆಯಲ್ಲಿ ತುಂಬಿ ಅಟ್ಟದ ಮೇಲೆ ಇಡಲು ಬರುವುದಿಲ್ಲ. ಅದು ಉಳಿಯಬೇಕಾದದ್ದು ಹೊಳೆಯಲ್ಲೇ.

ಹಾಗಾದರೆ ಮಾಡಬಹುದಾದದ್ದೇನು?

ವಿಕಾಸಕ್ಕೆ ಸಮಯ ಕೊಡುವುದು. ಕೇಳಲು ಸಣ್ಣ ಮಾತು, ಮಾಡಲು ದೊಡ್ಡ ಕೆಲಸ. ಹೊಳೆಗೆ ಬೇಸಿಗೆಯಲ್ಲೂ ಒಂದಿಷ್ಟು ನೀರು ಬಿಡುವುದು, ಮಡುಗಳಲ್ಲಿ ಮರಳು ತೆಗೆಯುವುದನ್ನೂ ಸಿಡಿಮದ್ದು ಹಾಕುವುದನ್ನೂ ನಿಲ್ಲಿಸುವುದು, ಬೇರೆ ಜಾತಿಯ ಮರಿಗಳನ್ನು ಬಿಡದಿರುವುದು. ಈ ಭಾಗದ ಕಾಡು 1987ರಿಂದ ಕಾವೇರಿ ವನ್ಯಜೀವಿಧಾಮವಾಗಿದೆ, ಅದು ಆಸರೆಯೇ ಸರಿ. ಆದರೆ ಮೇಲಿನಿಂದ ಬರುವ ನೀರು ಧಾಮದ ಗಡಿಯನ್ನು ಕೇಳಿ ಬರುವುದಿಲ್ಲ. ಮೇಕೆದಾಟು ಅಣೆಕಟ್ಟಿನ ಪ್ರಸ್ತಾವವೂ ಇದೇ ಹೊಳೆಯ ಮೇಲಿದೆ. ಕುಡಿಯುವ ನೀರಿನ ಅಗತ್ಯ ದೊಡ್ಡದು, ಅದರ ಚರ್ಚೆ ನಡೆಯಲಿ. ಆ ಚರ್ಚೆಯಲ್ಲಿ "ಮೀನು ಹೊಂದಿಕೊಳ್ಳುತ್ತೆ ಬಿಡಿ" ಎಂಬ ಮಾತನ್ನು ಮಾತ್ರ ವಿಜ್ಞಾನದ ಹೆಸರಿನಲ್ಲಿ ಹೇಳಬಾರದು.

ನೆನಪಿನಲ್ಲಿಡಲು ನಾಲ್ಕು ಮಾತು:

• ಒಂದು ಜೀವಿ ತನ್ನ ಆಯುಷ್ಯದಲ್ಲಿ ಒಗ್ಗಿಕೊಳ್ಳುವುದು ವಿಕಾಸವಲ್ಲ. ಗುಂಪಿನಲ್ಲಿ ಯಾರ ಸಂತಾನ ಹೆಚ್ಚಿತು ಎಂಬುದು ವಿಕಾಸ.
• ವಿಕಾಸ ಕೆಲವೇ ವರ್ಷಗಳಲ್ಲೂ ಆಗಬಹುದು. ಲಕ್ಷಾಂತರ ವರ್ಷ ಬೇಕೇ ಬೇಕು ಎನ್ನುವುದು ತಪ್ಪು.
• ಅಳಿವಿನಂಚಿನ ಜೀವಿಗಳನ್ನು ವಿಕಾಸ ಉಳಿಸಬಲ್ಲದು. ಆದರೆ ಸಂಖ್ಯೆ, ವೈವಿಧ್ಯ, ತಲೆಮಾರಿನ ವೇಗ ಮೂರೂ ಇದ್ದರೆ ಮಾತ್ರ.
• ಸಂಖ್ಯೆ ತೀರಾ ಕುಸಿದ ಮೇಲೆ ಕಾಪಾಡುವುದಕ್ಕಿಂತ, ಇನ್ನೂ ಸಾಕಷ್ಟು ಇರುವಾಗಲೇ ಕಾಪಾಡುವುದು ಸುಲಭ.

ಹೊಳಲಿನ ಗದ್ದೆಯಲ್ಲಿ ಮುಂದಿನ ವರ್ಷವೂ ಜಿಗಿಹುಳು ಬರುತ್ತದೆ, ಅದರ ಬಗ್ಗೆ ಯಾರಿಗೂ ಅನುಮಾನವಿಲ್ಲ. ಮುತ್ತತ್ತಿಯ ಮಡುವಿನಲ್ಲಿ ಡುಬ್ಬದ ಮಹಸೀರ್ ಇರುತ್ತದೆಯೇ ಎಂಬುದು ಮಾತ್ರ ಹೊಳೆಯನ್ನು ನಾವು ಹೇಗೆ ಇಟ್ಟುಕೊಳ್ಳುತ್ತೇವೆ ಎಂಬುದರ ಮೇಲಿದೆ.